ಹಾಫ್ ರೇಸ್‌ನಲ್ಲಿ ಮಸಿ ಕಟ್ಟುವುದಿಲ್ಲ

ಗಿರಿಜಾ, ನಿನ್ನ ಗಂಡ ಸದಾಶಿವನಿಗೆ ನಾನು ಕಲಿಸಿದ್ದು ಸುಳ್ಳು. ಬೋಟಿನ ಇಂಜಿನ್ ನಿಧಾನ ಓಡಿಸಿದರೆ ಒಳಗೆ ಮಸಿ ಕಟ್ಟಿ ನಿಂತುಹೋಗುತ್ತದೆ, ಯಾವಾಗಲೂ ಫುಲ್ ರೇಸ್‌ನಲ್ಲೇ ಓಡಿಸಬೇಕು — ಈ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಅದರಲ್ಲಿ ನಿಜ ಇಲ್ಲ. ಆಗಲೂ ನನಗೆ ಗೊತ್ತಿತ್ತು.

ಎದುರು ನಿಂತು ಹೇಳಲು ಎಷ್ಟು ಸಲ ಬಂದೆನೋ. ಬಂದು, ಚಹಾ ಕುಡಿದು, ಮೊಮ್ಮಗಳ ಸುದ್ದಿ ಹೇಳಿ ವಾಪಸು ಹೋದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯುವುದರಲ್ಲಿ ತಪ್ಪಿದ್ದರೆ ಸುಧಾರಿಸಿಕೋ.

ಈ ಜೋಗೇಶ್ವರಿಯ ಚಾಳಿನಲ್ಲಿ ಈಗ ನನ್ನಷ್ಟು ಸುಖಿ ಯಾರೂ ಇಲ್ಲ, ಅದು ನಿನಗೂ ಗೊತ್ತು. ಮೊಮ್ಮಗಳು ಸಾನ್ವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಆ ಸುದ್ದಿಯನ್ನು ಹಾಲಿನವನಿಗೂ ಹೇಳಿದ್ದೇನೆ, ಲೋಕಲ್‌ನಲ್ಲಿ ಪಕ್ಕ ಕುಳಿತ ಗುರುತಿಲ್ಲದವನಿಗೂ ಹೇಳಿದ್ದೇನೆ. ಬೆಳಿಗ್ಗೆ ನೀನು ಬಂದು ಕಾಲು ಚಾಚಿ ಕುಳಿತು, ಅವಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವಾಗ ನಾನು ಬಾಗಿಲಲ್ಲೇ ನಿಂತುಬಿಡುತ್ತೇನೆ. ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ. ಆಮೇಲೆ ಅವಳು ಖಾಲಿ ಸ್ಟೀಲ್ ಡಬ್ಬ ತೆಗೆದು ಚಮಚದಿಂದ ಬಡಿಯುತ್ತಾಳೆ — ಟಣ್, ಟಣ್ — ನೀವೆಲ್ಲ ನಗುತ್ತೀರಿ. ನಾನು ಹೊರಗೆ ಹೋಗುತ್ತೇನೆ. ಬೀಡಿಗೆ ಅಲ್ಲ, ಗಿರಿಜಾ.

ನನ್ನ ಮಗಳು ಶಾಂಭವಿ ಹುಟ್ಟುವಾಗ ನಾನು ಸಮುದ್ರದಲ್ಲಿದ್ದೆ, ಬೋಟಿನ ಇಂಜಿನ್ ನನ್ನ ಕೈಯಲ್ಲಿತ್ತು. ಹೆಂಡತಿಗೆ ನೋವು ಶುರುವಾಗಿದೆ ಎಂದು ವೈರ್‌ಲೆಸ್‌ನಲ್ಲಿ ಯಾರೋ ಕೂಗಿದರು. ಮೀನು ತುಂಬಿಸಿ ತಿರುಗಿದ್ದೆವು. "ಹಾಫ್ ರೇಸಲ್ಲಿ ಹೋಗುವ ಮಾರಾಯ, ಡೀಸೆಲ್ ಉಳೀತದೆ," ಎಂದರು ತಾಂಡೇಲರು. ಬೋಟಿನ ಯಜಮಾನಿಕೆ ಅವರದ್ದು. ಹೆಂಡತಿ ಹೆರುತ್ತಾಳೆ, ಬೇಗ ಹೋಗುವ ಎಂದರೆ ಎಲ್ಲರೂ ನಗುತ್ತಿದ್ದರು — ಯಾರ ಹೆಂಡತಿ ಹೆರುವುದಿಲ್ಲ? ಹಾಗಾಗಿ ಹೇಳಿಬಿಟ್ಟೆ: "ಹಾಫಲ್ಲಿ ಓಡಿಸಿದ್ರೆ ಮಸಿ ಕಟ್ತದೆ ತಾಂಡೇಲ್ರೇ. ನಡು ಸಮುದ್ರದಲ್ಲಿ ನಿಲ್ತದೆ."

ಫುಲ್ ರೇಸಿನಲ್ಲಿ ಬಂದೆವು. ಎಲ್ಲರಿಗಿಂತ ಮೊದಲು ಡಾಕ್ ಮುಟ್ಟಿದೆವು, ನಮ್ಮ ಮೀನಿಗೆ ಒಳ್ಳೆಯ ರೇಟು ಬಂತು. ಶಾಂಭವಿಯ ಮೊದಲ ಅಳು ನಾನು ಬಾಗಿಲ ಹೊರಗೆ ನಿಂತು ಕೇಳಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಾಂಡೇಲರು ಹೋದಲ್ಲೆಲ್ಲ ನನ್ನನ್ನು ಹೊಗಳಿದರು. ಬೇರೆ ಬೋಟಿನವರು ಬಂದು ಕೇಳಿದರು. ಇಲ್ಲ ಎನ್ನಲಾಗಲಿಲ್ಲ — ಇಲ್ಲ ಎನ್ನಲು ಮನಸ್ಸೂ ಇರಲಿಲ್ಲ. ಶಾಲೆ ಬಿಟ್ಟವನನ್ನು ಗುರುಗಳೇ ಎಂದು ಕರೆದರೆ ಹೇಗಿರುತ್ತದೆ!

ಸದಾಶಿವನೊಬ್ಬ ನಂಬಲಿಲ್ಲ. ಇಂಜಿನ್ ಬಿಚ್ಚಿ ನೋಡಿ, ಎಲ್ಲರ ಎದುರು ಕೇಳಿದ: "ಗುರುಗಳೇ, ತಿಂಗಳಿಡೀ ಹಾಫಲ್ಲೇ ಓಡಿಸಿದೆ. ಮಸಿ ಎಲ್ಲಿ ಉಂಟು, ತೋರಿಸಿ ನೋಡುವ?"

"ನಿನಗೆ ಕಣ್ಣಿಲ್ಲ," ಎಂದೆ.

ಎಲ್ಲರೂ ನಕ್ಕರು, ಅವನೂ ನಕ್ಕ. ಅಂದಿನಿಂದ ಅವನೂ ಫುಲ್ ರೇಸ್.

ಆಮೇಲೆ ಮೀನು ದೂರ ಹೋಯಿತು. ಡೆಕ್ ತೊಳೆಯಲು ಎತ್ತಿದ ನೀರು ಕೈಗೆ ಬೆಚ್ಚಗೆ ಹತ್ತತೊಡಗಿತು. ಮೊದಲು ಹೋಗಿಬಂದರೂ ಉಳಿಯುತ್ತಿದ್ದ ಡೀಸೆಲ್ ಈಗ ಬರುವಷ್ಟರಲ್ಲಿ ತಳ ಮುಟ್ಟುತ್ತಿತ್ತು. ದೀಪಾವಳಿ ಕಳೆದು ಸಮುದ್ರ ಶಾಂತವಾಗಿರಬೇಕಾದ ದಿನಗಳಲ್ಲಿ ಆ ಗಾಳಿ ಎದ್ದಿತು. ಸದಾಶಿವ ಫುಲ್ ರೇಸಿನಲ್ಲಿ ದಡಕ್ಕೆ ಓಡಿಬರುತ್ತಿದ್ದ. ದಾರಿಯಲ್ಲಿ ಡೀಸೆಲ್ ಮುಗಿಯಿತು. ಇಂಜಿನ್ ಸತ್ತ ಬೋಟು ಅಲೆಗೆ ಅಡ್ಡ ತಿರುಗಿತು. ಉಳಿದವರನ್ನು ಬೇರೆ ಬೋಟಿನವರು ಎತ್ತಿಕೊಂಡರು. ಅವನನ್ನು —

ಬೋಟನ್ನು ಎಳೆದು ತಂದ ದಿನ ನಾನು ಒಳಗಿಳಿದು ಡೀಸೆಲ್ ಟ್ಯಾಂಕಿಗೆ ಬೆರಳಿನಿಂದ ಬಡಿದೆ. ಟಣ್ ಎಂದಿತು. ಹಾಫ್‌ನಲ್ಲಿ ಬಂದಿದ್ದರೆ ಆ ಸದ್ದು ಬರುತ್ತಿರಲಿಲ್ಲ. ಮೇಲೆ ಬಂದಾಗ ನೀನು ಅಂದೆ: "ಸಮುದ್ರ ಕೊಂಡುಹೋಯ್ತು ಅಣ್ಣ. ಯಾರನ್ನು ಬೈಯುವುದು?" ನಾನು ತಲೆ ಆಡಿಸಿದೆ.

ಈಚೆಗೆ ಸರ್ಕಾರದ ಕಡೆಯಿಂದ ಹುಡುಗಿಯೊಬ್ಬಳು ಡಾಕಿಗೆ ಬಂದಿದ್ದಳು. ದೇಶದ ಮೀನು ಬೋಟುಗಳೆಲ್ಲ ಸೇರಿ ಎಷ್ಟು ಹೊಗೆ ಬಿಡುತ್ತವೆ ಎಂದು ನೋಡುತ್ತಿದ್ದಾರಂತೆ. ಆ ಹೊಗೆಯಿಂದಲೂ ಸಮುದ್ರ ಕಾಯುತ್ತದೆ, ಕಾದರೆ ಮೀನು ದೂರ ಹೋಗುತ್ತದೆ, ಅದರ ಹಿಂದೆ ಹೋಗಲು ಇನ್ನಷ್ಟು ಡೀಸೆಲ್, ಕಾದ ಸಮುದ್ರದಲ್ಲಿ ಹೊತ್ತಲ್ಲದ ಹೊತ್ತಿಗೆ ಗಾಳಿಯೂ ಏಳುತ್ತದೆ ಎಂದಳು. "ಇಲ್ಲಿ ಎಲ್ಲರೂ ಫುಲ್ ರೇಸ್ ಯಾಕೆ?" ಎಂದು ಕೇಳಿದಳು. ಎಲ್ಲರೂ ನನ್ನನ್ನು ತೋರಿಸಿದರು — "ಯೇ ಹಮಾರಾ ಗುರು!" ನಾನು ನಕ್ಕೆ. ನಕ್ಕೆ, ಗಿರಿಜಾ. ಆ ಗಾಳಿಯನ್ನು ಎಬ್ಬಿಸಿದ ಹೊಗೆಯಲ್ಲಿ ನನ್ನದೂ ಪಾಲಿತ್ತು, ಗಾಳಿಯಿಂದ ಪಾರಾಗುವ ಡೀಸೆಲನ್ನು ಮೊದಲೇ ಸುಡಿಸಿದವನೂ ನಾನೇ.

ಆದರೂ ಸುಮ್ಮನಿದ್ದೆ. ನೀನು ಬರುವುದು ನಿಂತೀತು ಎಂಬ ಹೆದರಿಕೆ. ನಿನ್ನೆ ನೀನು ಸಾನ್ವಿಯನ್ನು ಒರೆಸುತ್ತ ಅಳಿಯ ಪ್ರವೀಣನಿಗೆ ಹೇಳಿದೆ: "ಸೀಜನ್ ಶುರುವಾಯ್ತಲ್ಲ, ಜಾಗ್ರತೆ. ಮಾವ ಹೇಳಿದ ಹಾಗೇ ಓಡಿಸು. ನಮ್ಮವರೂ ಹಾಗೇ ಓಡಿಸ್ತಿದ್ದದ್ದು."

"ಮಾವನ ಪಾಠ ಬಿಡ್ತೇನಾ ಚಿಕ್ಕಮ್ಮ? ಫುಲ್ ರೇಸ್, ಏಕ್‌ದಮ್!" ಎಂದ ಅವನು. ಸಾನ್ವಿ ಡಬ್ಬ ಬಡಿದಳು.

ನಾಳೆ ಅವನ ಬೋಟು ಹೊರಡುತ್ತದೆ. ಹೊಸ ಸೀಜನ್ನಿಗೆ ಇಂಜಿನ್ ಶುರು ಮಾಡಿಸುವುದು ಹಿರಿಯರ ಕೈಯಿಂದಲೇ, ನನ್ನನ್ನು ಕರೆಯುತ್ತಾರೆ. ಶುರು ಮಾಡಿ ರೇಸನ್ನು ಹಾಫ್‌ಗೆ ಇಳಿಸುತ್ತೇನೆ. ಯಾಕೆ ಎನ್ನುತ್ತಾರೆ. ಎಲ್ಲರ ಎದುರೇ ಹೇಳುತ್ತೇನೆ — ಸದಾಶಿವನಿಗೆ ಕಣ್ಣಿತ್ತು ಎಂದು. ಆದರೆ ಅವರಿಗಿಂತ ಮೊದಲು ನಿನಗೆ ತಿಳಿಯಬೇಕಿತ್ತು.

ಇದಾದ ಮೇಲೂ ಸಾನ್ವಿಯನ್ನು ಮೀಯಿಸಲು ಬಾ ಎಂದು ಕರೆಯುವ ಬಾಯಿ ನನಗಿಲ್ಲ. ನೀನು ಬಾರದಿದ್ದರೆ ಶಾಂಭವಿ ಯಾಕೆಂದು ಕೇಳುತ್ತಾಳೆ. ತಾನು ಹುಟ್ಟುವಾಗ ಅಪ್ಪ ಸಮುದ್ರದಿಂದ ಓಡೋಡಿ ಬಂದ ಕತೆ ಅವಳಿಗೆ ಬಹಳ ಇಷ್ಟ, ಮಗಳಿಗೂ ಅದನ್ನೇ ಹೇಳಿ ಮಲಗಿಸುತ್ತಾಳೆ. ಹೇಗೆ ಬಂದೆ ಎಂದು ಅವಳಿಗೂ ಹೇಳುತ್ತೇನೆ.