ಬೊರಿವಲಿಗೆ ಸಾವಿನ ಸುದ್ದಿ

ನಮ್ಮೂರಿನ ಒಂದು ದರಿದ್ರ ಪದ್ಧತಿ ರೈಲು ಹತ್ತಿ ಮುಂಬಯಿಗೂ ಬಂದಿತ್ತು. ಮೇಲಿನ ಓಣಿಯವರ ಮನೆಯಲ್ಲಿ ಸಾವಾದರೆ ನೆಂಟರಿಗೆ ಸುದ್ದಿ ಮುಟ್ಟಿಸಬೇಕಾದವರು ದಲಿತ ಕೇರಿಯವರು. ಇಲ್ಲಿ ಅದು ಶಂಕ್ರೆಪ್ಪನ ಪಾಲಿಗೆ ಬಿದ್ದಿತ್ತು. ಎಲ್ಲರ ಕಿಸೆಯಲ್ಲೂ ಮೊಬೈಲಿದೆ, ಆದರೂ ಅವನೇ ಹೋಗಬೇಕು. ಚೆಂಬೂರಿನಿಂದ ಎರಡು ಕಡೆ ಲೋಕಲ್ ಬದಲಿಸಿ ಬೊರಿವಲಿಯಲ್ಲಿದ್ದ ಅವರ ನೆಂಟರ ಮನೆ ಮುಟ್ಟಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ಹೇಳಿ, ಅವರು ಮೇಲಿನಿಂದ ಸುರಿದ ಜೋಳವನ್ನು ಟವೆಲ್ಲಿಗೆ ಕಟ್ಟಿಕೊಂಡು ಬರಬೇಕು. ಕಳಿಸುತ್ತಿದ್ದವನು ಮೇಲಿನ ಓಣಿಯ ಗುರಲಿಂಗಪ್ಪ, ಕೂಲಿಯಾಳುಗಳ ಮುಕಾದಮ. ಶಂಕ್ರೆಪ್ಪನಿಗೂ ಅವನ ಮಗ ಶರಣುವಿಗೂ ಕಟ್ಟಡದ ಕೆಲಸ ಕೊಡುತ್ತಿದ್ದವನೂ ಅವನೇ. ಒಲ್ಲೆ ಎನ್ನಲು ಬಾಯಿ ಎಲ್ಲಿಂದ ಬರಬೇಕು?

ನಾನು ಲಾಲಸಾಬ, ಅದೇ ಊರಿನವನು. ಚೆಂಬೂರಿನಲ್ಲಿ ನಾವಿದ್ದ ಚಾಳಿನ ಮುಂದೆ ನನ್ನ ಹೊಲಿಗೆ ಅಂಗಡಿ. ಪಕ್ಕದ ರದ್ದಿ ಅಂಗಡಿಗೆ ಮುಚ್ಚಿಹೋದ ಕನ್ನಡ ಶಾಲೆಯ ಪುಸ್ತಕಗಳು ಬಂದು ಬಿದ್ದಾಗ ಶಂಕ್ರೆಪ್ಪ ಒಂದು ಕಟ್ಟು ಹೊತ್ತು ತಂದ. "ಈ ವಯಸ್ಸಿನ್ಯಾಗ ಡಿಸಿ ಆಗಾಂವ ಏನಪಾ?" ಎಂದು ಚೇಷ್ಟೆ ಮಾಡಿದೆ. ಅಕ್ಷರಗಳನ್ನು ನನ್ನಿಂದ ಕೇಳಿಕೊಂಡ. ಉಳಿದದ್ದನ್ನು ಬೆರಳಿಟ್ಟು, ತಡವರಿಸಿ, ತಾನೇ ಕಲಿತ.

ಒಂದು ಸಂಜೆ ಪೌರನೀತಿಯ ಪುಸ್ತಕ ತಂದು ನನ್ನ ಮಷೀನಿನ ಮೇಲಿಟ್ಟ. ಅಸ್ಪೃಶ್ಯತೆಯ ಆಚರಣೆ ಅಪರಾಧ ಎಂಬ ಸಾಲಿನ ಮೇಲೆ ಅವನ ಬೆರಳಿತ್ತು.

"ಲಾಲಸಾಬಣ್ಣ, ಇದು ಸಣ್ಣ ಹುಡುಗ್ರ ಪುಸ್ತಕ ಹೌದಿಲ್ಲೋ?"

"ಹೌದಪಾ."

"ಹುಡುಗ್ರಿಗೆ ಸೈತ ಗೊತ್ತಿತ್ತು. ನನಗ ಯಾರೂ ಹೇಳ್ಲಿಲ್ಲ ನೋಡು."



ಮುಂದಿನ ಸಾವು ಗುರಲಿಂಗಪ್ಪನ ಮನೆಯಲ್ಲೇ ಆಯಿತು. ಅವನ ತಾಯಿ ಹೋದಳು. ಶಂಕ್ರೆಪ್ಪ ಅಲ್ಲಿಗೆ ಹೋಗಿ ಎಲ್ಲರೆದುರು ಹೇಳಿದ: "ಅವ್ವಾರು ಹೋಗಿದ್ದಕ್ಕ ನನಗೂ ಸಂಕಟ ಆಗೇತ್ರಿ. ಆದ್ರ ನಾ ಬೊರಿವಲಿಗೆ ಹೋಗಂಗಿಲ್ಲ. ಫೋನ್ ಐತಲ್ರಿ."

ಯಾರೂ ಕೂಗಾಡಲಿಲ್ಲ. ಮರುದಿನದಿಂದ ಅಪ್ಪ ಮಗ ಇಬ್ಬರಿಗೂ ಕೆಲಸವಿಲ್ಲ, ಅಷ್ಟೆ.

"ಓದಿ ಓದಿ ನಮ್ಮ ಅನ್ನಕ್ಕ ಕಲ್ಲು ಹಾಕಿದಿ," ಎಂದ ಶರಣು ಅಪ್ಪನೊಡನೆ ಮಾತು ಬಿಟ್ಟ. ಶಂಕ್ರೆಪ್ಪ ಗಟಾರ ಬಳಿಯುವ ಕೆಲಸಕ್ಕೆ ಇಳಿದ. ಕೆಮ್ಮು ಹತ್ತಿತು. "ಮುಕಾದಮನ ಕಡೆ ಹೋಗೂದಿದ್ರ ಹೋಗಪಾ. ಆ ಸಾಲು ಒಮ್ಮೆ ಓದಿ ಹೋಗು," ಎಂದು ಮಗನಿಗೆ ಹೇಳುತ್ತಿದ್ದ. ಮಗ ಪುಸ್ತಕ ಮುಟ್ಟಲಿಲ್ಲ.

ಹೋದ ಮಳೆಗಾಲದಲ್ಲಿ ಶಂಕ್ರೆಪ್ಪ ತೀರಿಕೊಂಡ. ಮುಕಾದಮನಿಗೆ ಹೆದರಿ ಊರವರು ಯಾರೂ ಬರಲಿಲ್ಲ. ಹೆಗಲು ಕೊಡಲು ಇದ್ದವರು ಶರಣು, ನಾನು ಮತ್ತು ರದ್ದಿ ಅಂಗಡಿಯವನು, ಮೂವರೇ. ಬೇರೆ ದಾರಿ ಕಾಣದೆ ಶರಣು ಗುರಲಿಂಗಪ್ಪನಿಗೆ ಫೋನ್ ಹಚ್ಚಿದ.

"ಅಯ್ಯೋ ಪಾಪ. ಮಂದಿ ಕಳಿಸ್ತೀನಿ ತಗೋ," ಎಂದ ಅವನು. "ನಾಳೆ ಕೆಲಸಕ್ಕೂ ಬಾ. ಇನ್ನ ಮ್ಯಾಲ ಬೊರಿವಲಿಗೆ ಸುದ್ದಿ ಒಯ್ಯಾಂವ ನೀನ ಅಲ್ಲೇನು?"

ಶರಣು ಅಪ್ಪನ ತಲೆದಿಂಬಿನ ಹತ್ತಿರವಿದ್ದ ಆ ಪುಸ್ತಕವನ್ನೇ ನೋಡುತ್ತ ನಿಂತ.

"ಮಂದಿ ಬ್ಯಾಡ್ರಿ," ಎಂದ. "ಬೊರಿವಲಿಗೆ ಫೋನ್ ಐತಲ್ರಿ."

ಹೆಣದ ಪಕ್ಕ ಕೂತಿದ್ದ ಶರಣುವಿನ ತಾಯಿ ಕಣ್ಣೊರೆಸಿಕೊಂಡು ಎದ್ದಳು. ಸೆರಗು ಬಿಗಿದು ಕಟ್ಟಿ, ನಾಲ್ಕನೆಯ ಹೆಗಲು ಅವಳೇ ಕೊಟ್ಟಳು.