ಗಂಡಸರಿಗೆ ಹೊರಗಿನ ಕೋಣೆ ಇರಲಿಲ್ಲ

ಅಶ್ರುವಾಯು ಎನ್ನುವ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಚಿಕ್ಕಮಗಳೂರು ಪೇಟೆಯಲ್ಲಿ ಅದು ನಮ್ಮ ಮೇಲೆ ಬಿದ್ದ ದಿನ ಅದು ಬರೀ ಹೊಗೆ. ಸ್ವಾತಂತ್ರ್ಯಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಬಟ್ಟೆ ತರುತ್ತೇವೆಂದು ಅತ್ತೆಗೆ ಹೇಳಿ ನಾನೂ ನನ್ನ ಗಂಡನೂ ಚಳವಳಿಯ ಮೆರವಣಿಗೆಗೆ ಹೋಗಿದ್ದೆವು. ಪೊಲೀಸರು ಎಸೆದ ಡಬ್ಬಿ ಗಂಡನ ಕಾಲ ಬುಡದಲ್ಲೇ ಬಿತ್ತು. ಮಹಾ ಧೈರ್ಯಶಾಲಿ, ಅದನ್ನು ಒದೆಯಲು ಹೋಗಿ ಅದರ ಮೇಲೇ ಬಗ್ಗಿ ಕೆಮ್ಮುತ್ತ ನಿಂತುಬಿಟ್ಟರು. ಹತ್ತು ಮಾರು ದೂರದಲ್ಲಿದ್ದ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಹೋಗಿ ಅವರ ಅಂಗಿ ಹಿಡಿದು ಎಳೆದು ತಂದೆ. ಬಸ್ಸಿನಲ್ಲಿ ನಮ್ಮೂರು ಬಣಕಲ್ ತನಕ ಇಬ್ಬರಿಗೂ ಕಣ್ಣಲ್ಲಿ ನೀರು. ಯಾರು ತೀರಿಕೊಂಡರು ಎಂದು ಪಕ್ಕದವರು ಕೇಳಿದರು.

ಕಣ್ಣುರಿ ಎರಡು ದಿನಕ್ಕೆ ಇಳಿಯಿತು. ಐದನೇ ದಿನ ನಾನು ಮುಟ್ಟಾದೆ, ಆಗಬೇಕಾದ್ದಕ್ಕಿಂತ ಹನ್ನೆರಡು ದಿನ ಮುಂಚೆ. ನಮ್ಮ ಮನೆಯಲ್ಲಿ ಅದು ಗುಟ್ಟಾಗಿ ಉಳಿಯುವ ಸಂಗತಿಯಲ್ಲ. ಮುಟ್ಟಾದವಳು ಮೂರು ದಿನ ಹಿತ್ತಲಿನ ಕೋಣೆಯಲ್ಲಿ ಹೊರಗೆ ಕೂರಬೇಕು. ಹಾಗಾಗಿ ನನ್ನ ತಿಂಗಳು ಯಾವಾಗ ಬರುತ್ತದೆಂದು ಅತ್ತೆಗೆ ಗೊತ್ತು, ಹಾಲು ಕರೆಯುವವಳಿಗೆ ಗೊತ್ತು, ತೋಟದ ಲೆಕ್ಕ ಬರೆಯುವ ರೈಟರಿಗೂ ಗೊತ್ತು. ಆ ಸಲ ಮೂರು ದಿನ ಹೋಗಿ ಒಂಬತ್ತು ದಿನ ಕೂತೆ. ಮಿಂದು ಒಳಗೆ ಬಂದು ವಾರವಾಗುವಷ್ಟರಲ್ಲಿ ಮತ್ತೆ ಹೊರಗೆ. ಆಮೇಲೆ ಎರಡು ತಿಂಗಳು ಏನೂ ಇಲ್ಲ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮೂರನೇ ತಿಂಗಳು ನಾನು ಮತ್ತೆ ಹೋಗಿ ಹೊರಗೆ ಕೂತೆ.

ಮೆರವಣಿಗೆಯ ವಿಷಯ ಅಷ್ಟರಲ್ಲಿ ಬಯಲಾಗಿತ್ತು. ಹೊಗೆ ಹೊಕ್ಕು ಇವಳ ಗರ್ಭಕೋಶ ಸುಟ್ಟುಹೋಗಿದೆ ಎಂದು ಅತ್ತೆ ತೀರ್ಮಾನಿಸಿದರು. ಮೂಡಿಗೆರೆಯ ಡಾಕ್ಟರನ್ನು ಕೇಳಿದೆ. ಆ ಹೊಗೆಯ ಬಗ್ಗೆ ತಾವು ಯಾವ ಪುಸ್ತಕದಲ್ಲೂ ಓದಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಮೆರವಣಿಗೆಗೆ ಬಂದಿದ್ದ, ಕಾಫಿ ಹಣ್ಣು ಕುಯ್ಯುವ ಹೆಂಗಸೊಬ್ಬಳು ತನಗೂ ತಿಂಗಳು ಏರುಪೇರಾಗಿದೆ ಎಂದಳು. ಅದರಿಂದ ಸಮಾಧಾನವೂ ಆಯಿತು, ಹೆದರಿಕೆಯೂ ಹೆಚ್ಚಿತು. ನಿಜ ಹೇಳುತ್ತೇನೆ, ಹಿತ್ತಲಿನ ಕೋಣೆಯಲ್ಲಿ ಕೂತು ಅತ್ತಿದ್ದೇನೆ.

ಅತ್ತೆ ಮಗನಿಗೆ ಎರಡನೇ ಮದುವೆ ಮಾಡಲು ಹೊರಟರು. ಗಂಡ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬೆಳಗಾದರೆ ತೋಟಕ್ಕೆ ಓಡತೊಡಗಿದರು. ಪೊಲೀಸರ ಎದುರು ನಿಂತಿದ್ದ ಮನುಷ್ಯ ತಾಯಿಯ ಎದುರು ನಿಲ್ಲಲಾರದೆ ಹೋದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ಒಂದು ಮಧ್ಯಾಹ್ನ ಕಳಸದ ಕಡೆಯಿಂದ ಹುಡುಗಿಯ ತಂದೆ ಬಂದು, ತೋಟದಿಂದ ಕರೆಸಿದ್ದ ನನ್ನ ಗಂಡನ ಎದುರು ಜಗಲಿಯಲ್ಲಿ ಕೂತರು. ಒಳ್ಳೆಯ ಮನುಷ್ಯ. ಕಾಫಿ ಕೊಟ್ಟ ನನ್ನನ್ನೇ ನೋಡಿ, ನಿನಗೆ ಇದು ಒಪ್ಪಿಗೆಯೇನಮ್ಮ ಎಂದು ಕೇಳಿದರು. ಆ ಮನೆಯಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ ಅದು.

"ನನ್ ಒಪ್ಪಿಗೆ ಇರ್ಲಿ ಅಯ್ಯಾ," ಎಂದೆ. "ನಿಮ್ ಮಗಳಿಗೋಸ್ಕರ ಒಂದ್ ಮಾತು ಹೇಳ್ತೀನಿ. ಹೊಗೆ ಡಬ್ಬಿ ಬಿದ್ದದ್ದು ನನ್ ಕಾಲ್ ಬುಡದಲ್ಲಲ್ಲ, ಇವ್ರ ಕಾಲ್ ಬುಡದಲ್ಲಿ. ನನಗಿಂತ ಹತ್ತು ಪಾಲು ಹೊಗೆ ಇವ್ರು ಕುಡ್ದಿದಾರೆ. ನನಗೇನಾಗಿದೆ ಅಂತ ಊರಿಗೆಲ್ಲ ಗೊತ್ತು, ಹೊರಗೆ ಕೂರ್ತೀನಲ್ಲ. ಇವ್ರಿಗೇನಾಗಿದೆ ಅಂತ ಯಾರ್ ನೋಡಿದಾರೆ? ಗಂಡಸ್ರು ಹೊರಗೆ ಕೂರೋ ಕೋಣೆ ನಮ್ಮನೇಲಿ ಇಲ್ಲ."

ಅತ್ತೆ ಬಾಗಿಲಿಗೆ ಬಂದು ನಿಂತರು. ಬಂದವರು ಗಂಡನ ಕಡೆ ತಿರುಗಿ ಇದು ನಿಜವೇ ಎಂದು ಕೇಳಿದರು. ಇಲ್ಲ ಎಂದಿದ್ದರೆ ಅಲ್ಲಿಗೆ ನನ್ನ ಕತೆ ಮುಗಿಯುತ್ತಿತ್ತು. ಗಂಡ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು.

"ಹೌದು," ಎಂದರು. "ಇವಳು ಎಳ್ಕೊಂಡ್ ಬರ್ದಿದ್ರೆ ನಾನ್ ಅಲ್ಲೇ ಬಿದ್ದಿರ್ತಿದ್ದೆ."

ಆ ಹಿರಿಯರು ಕಾಫಿ ಪೂರ್ತಿ ಕುಡಿದು, ಕೊಡೆ ತೆಗೆದುಕೊಂಡು, ಯಾರನ್ನೂ ಬೈಯದೆ ಹೊರಟುಹೋದರು. ನನಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಲೋಟ ತೊಳೆದಿಟ್ಟೆ.

ಅತ್ತೆ ನಾಲ್ಕು ದಿನ ನನ್ನ ಕೈಯ ಕಾಫಿ ಮುಟ್ಟಲಿಲ್ಲ. ಐದನೇ ದಿನ ನಾಟಿ ಪಂಡಿತರನ್ನು ಕರೆಸಿದರು. ಅವರು ಮಣೆಯ ಮೇಲೆ ಕೂತು ನನ್ನ ಕಡೆ ಕೈ ಚಾಚಿದರು. ಅತ್ತೆ ಅಡ್ಡ ಬಂದರು.

"ಮೊದ್ಲು ಅವ್ನ ನಾಡಿ ನೋಡಿ ಪಂಡಿತ್ರೇ," ಎಂದರು.

ಹೊಗೆ ನಮ್ಮ ಮೈಗೆ ಏನು ಮಾಡಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಏಳನೇ ತಿಂಗಳಿಗೆ ನನ್ನ ಮುಟ್ಟು ತಾನಾಗಿ ಸರಿಹೋಯಿತು. ಆದರೆ ಪಂಡಿತರು ಬರೆದ ಕಷಾಯವನ್ನು ನಲವತ್ತೆಂಟು ದಿನ ಇಬ್ಬರೂ ಕುಡಿದೆವು. ಗಂಡ ಮುಖ ಕಿವುಚಿಕೊಂಡು ಕೊನೆಯ ಗುಟುಕು ಮುಗಿಸುವ ತನಕ ಅತ್ತೆ ಎದುರಿಗೇ ನಿಂತಿರುತ್ತಿದ್ದರು.