ಹೊಡೆಸಿಕೊಂಡವಳಿಗೇ ಸಾತ್ವಿಕ ಮನಸ್ಸಿನ ಪ್ರಾರ್ಥನೆ

ಗುರುವಾರ ಮಾಡಿದ ಕೆಲಸಗಳು: ನಳ ಬಂದಿತ್ತು, ಡ್ರಮ್ಮು ತುಂಬಿಸಿದೆ. ಅಕ್ಕಿ ಹಸನು ಮಾಡಿದೆ. ಗ್ಯಾಸ್ ಬುಕ್ ಮಾಡಿದೆ. ಮನೆ ಪ್ರಾರ್ಥನೆ ಈ ವಾರ ನಮ್ಮ ಪಾಳಿ, ಜಮಖಾನ ಝಾಡಿಸಿ ಹಾಸಿದೆ. ಸಂಜೆ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರಿಗೆ ಎದುರು ಮಾತಾಡಿದೆ.

ಕೊನೆಯದು ನಾನು ಅಂದುಕೊಂಡಿದ್ದ ಕೆಲಸವಲ್ಲ.

ಮಧ್ಯಾಹ್ನ ರೂತ ಬಂದಳು. ನನ್ನ ಚಿಕ್ಕಮ್ಮನ ಮಗಳು. ಮಸ್ಕಿಯ ಹುಡುಗಿ, ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಸಿಂಧನೂರು ಬಸ್‌ಸ್ಟ್ಯಾಂಡಿನಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ನಡೆದು ಬಂದಿದ್ದಳು. ಸೆರಗು ಸರಿಸಿದೆ. ಎಡಗಡೆಯ ದವಡೆ ಊದಿ ಕಣ್ಣಿನವರೆಗೂ ಕಪ್ಪಾಗಿತ್ತು. ಗಂಡ ಹೊಡೆದದ್ದು. (ಆತ ಅಲ್ಲಿಯ ಸಭೆಯಲ್ಲಿ ಢೋಲಕ್ ಬಾರಿಸುತ್ತಾನೆ. ಚಂದ ಬಾರಿಸುತ್ತಾನೆ ಅಂತ ಎಲ್ಲರೂ ಹೊಗಳುತ್ತಾರೆ.)

ನಮ್ಮ ಮನೆ ಪ್ರಾರ್ಥನೆಗಳಲ್ಲಿ ಒಂದು ಪದ್ಧತಿ ಇದೆ. ಕೊನೆಗೆ ಒಬ್ಬೊಬ್ಬರೂ ತಮ್ಮ ಕಷ್ಟ ಹೇಳುತ್ತಾರೆ, ಹಿರಿಯರು ಅದನ್ನೇ ಪ್ರಾರ್ಥನೆ ಮಾಡುತ್ತಾರೆ. ನಡುವೆ ಯಾರೂ ಏನೂ ಕೇಳುವುದಿಲ್ಲ. ಮೊಣಕಾಲು ನೋವಾದರೂ ಸರಿ, ಮಗನ ಪರೀಕ್ಷೆಯಾದರೂ ಸರಿ, ಹೇಳಿದ ಕೂಡಲೇ ಕಣ್ಣು ಮುಚ್ಚುವುದು. ಮೊಣಕಾಲು ನೋವಿಗೆ ಅದು ನಡೆಯುತ್ತದೆ.

ರೂತಳ ಪಾಳಿ ಬಂತು. "ನನ್ನ ಗಂಡ ಹೊಡಿತಾನ್ರಿ. ನಂಗ ಅಲ್ಲಿ ಇರಾಕ ಅಂಜಿಕಿ ಆಗ್ಯದ" ಎಂದಳು.

ಹಿರಿಯರು ಕಣ್ಣು ಮುಚ್ಚಿದರು. "ಕರ್ತನೇ, ನಿನ್ನ ಈ ಮಗಳಿಗೆ ಸಾತ್ವಿಕ ಮನಸ್ಸು ಕೊಡು."

ಎಲ್ಲರೂ ಆಮೆನ್ ಅಂದರು.

ಚಹಾ ಕೊಡುವಾಗ ಹಿರಿಯರು ನನಗೆ ಹೇಳಿದ್ದು: "ನಾಳೆ ನಾ ಮುದಗಲ್ಲಿಗೆ ಹೊಂಟೀನವ್ವಾ. ಹಾದ್ಯಾಗ ಈಕೀನ್ನ ಲಿಂಗಸುಗೂರಾಗ ಇಳಿಸಿ ಹೋಗ್ತೀನಿ." ಪಾರ್ಸೆಲ್ ಮುಟ್ಟಿಸಿದ ಹಾಗೆ.

"ಹಿರಿಯರ, ಹೊಡೆದಾವ ಅಂವ. ಸಾತ್ವಿಕ ಮನಸ್ಸು ಅಂವಗ ಬ್ಯಾಡೇನ್ರಿ?" ಎಂದೆ.

"ಅಂವ ಗಂಡಸು, ಸಿಟ್ಟು ಇರೂದ. ಈಕಿ ತಗ್ಗಿದ್ರ ಅಂವನೂ ತಗ್ತಾನ."

ಮೂಲೆಯಲ್ಲಿದ್ದ ರೂತ ತಲೆ ಎತ್ತಲಿಲ್ಲ. "ಇನ್ನ ಎಷ್ಟ್ ತಗ್ಗಲ್ರಿ ಅಣ್ಣಾರ? ತಗ್ಗಿ ತಗ್ಗಿ ನೆಲಾ ಮುಟ್ಟೀನಿ."

ಹಾಡು ಶುರುಮಾಡಿದರೆ ಎಲ್ಲ ಮುಗಿಯುತ್ತದೆ ಎಂಬಂತೆ ಒಬ್ಬಾಕೆ ಗಂಟಲು ಸರಿಮಾಡಿಕೊಂಡರು. ನನ್ನ ಯಜಮಾನರು ಹೆಚ್ಚು ಮಾತಿನವರಲ್ಲ. "ಹಿರಿಯರ, ಚಾ ಆರಾಕತ್ತದ, ಕುಡೀರಿ. ನಮ್ಮ ಹುಡುಗಿ ಎಲ್ಲಿಗೂ ಬರಂಗಿಲ್ಲ" ಎಂದರು.

ನನಗೆ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ. ಸಾತ್ವಿಕರೇ ಭೂಮಿಗೆ ಹಕ್ಕುದಾರರು ಎಂದು ಯೇಸು ಹೇಳಿದ್ದನ್ನು ನಾನೂ ಚಿಕ್ಕಂದಿನಿಂದ ನಂಬಿದವಳು. ಆದರೆ ಅದು ಯಾರಿಗೆ ಹೇಳಿದ ಮಾತು? ಕೈಯಲ್ಲಿ ಬಲ ಇದ್ದೂ ಕೈ ಎತ್ತದವನು ಸಾತ್ವಿಕ. ಏಟಿಗೆ ಅಂಜಿ ಬಾಯಿ ಮುಚ್ಚಿದವಳು ಸಾತ್ವಿಕಳಲ್ಲ, ಅಂಜಿದವಳು. ಅಂಜಿಕೆಗೆ ಚಂದದ ಹೆಸರಿಟ್ಟು ಬಲಿಪೀಠದ ಮೇಲೆ ಇಟ್ಟವರು ನಾವು.

ಇನ್ನೊಂದು ಕೆನ್ನೆ ಕೊಡುವ ಮಾತು ಎಲ್ಲರಿಗೂ ಬಾಯಿಪಾಠ. ಮಹಾಯಾಜಕನ ಎದುರು ಒಬ್ಬ ಆಳು ಯೇಸುವಿನ ಕೆನ್ನೆಗೇ ಹೊಡೆದನಲ್ಲ, ಆಗ ಯೇಸು ಏನು ಮಾಡಿದ? ನನ್ನನ್ನು ಯಾಕೆ ಹೊಡೆದೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ. ತಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ಸಾತ್ವಿಕತೆ ಅಂದರೆ ಅದು. ಬೈಬಲಿನ ಆ ಭಾಗದ ಮೇಲೆ ಹೆಂಗಸರ ಕೂಟದಲ್ಲಿ ಒಂದಾದರೂ ಬೋಧನೆ ಆಗಿದೆಯಾ? ನಾನಂತೂ ಕೇಳಿಲ್ಲ. (ನೀವು ಕೇಳಿದ್ದರೆ ಹೇಳಿ, ಚಹಾ ಕುಡಿಸುತ್ತೇನೆ.)

ಶುಕ್ರವಾರ ಹಿರಿಯರು ಒಬ್ಬರೇ ಬಸ್ಸು ಹತ್ತಿದರು. ರೂತ ನನ್ನ ಜೊತೆ ಸರ್ಕಾರಿ ದವಾಖಾನೆಗೆ ಬಂದಳು, ಅಲ್ಲಿಂದ ಠಾಣೆಗೆ. ಠಾಣೆಯ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. "ಅಕ್ಕಾ, ಇದು ಪಾಪ ಆಗ್ತದೇನ?"

"ಯಾಕ ಹೊಡೆದಿ ಅಂತ ಕೇಳಾಕ ಬಂದೀವಿ, ಅಷ್ಟ. ನಡಿ" ಎಂದೆ. ಕಂಪ್ಲೇಂಟು ಕೊಟ್ಟು ಬಂದೆವು.

ಸಂಜೆ ನಮಗೆ ರೊಟ್ಟಿ, ಪುಂಡಿಪಲ್ಲೆ. ಅವಳಿಗೆ ಅಗಿಯಲು ಆಗುತ್ತಿರಲಿಲ್ಲ, ಅನ್ನವನ್ನು ಮೆತ್ತಗೆ ಹಿಚುಕಿ ಮಜ್ಜಿಗೆ ಹಾಕಿ ಕೊಟ್ಟೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ರೂತ, ಅಕ್ಕಾ, ಬಾಗಿಲಿಗೆ ಚಿಲಕ ಹಾಕಿದಿ ಹೌದಿಲ್ಲೋ ಎಂದು ಎರಡೆರಡು ಸಲ ಕೇಳಿದ ಮೇಲೆ.